ರಾಣೆಬೆನ್ನೂರಿನಲ್ಲಿ ಕರೆಂಟು ತೆಗೆಯುವ ಕೆಲಸ

ಕೆಲಸಕ್ಕೆ ಸೇರಿದ ಮೊದಲ ದಿನ, ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ‘ಊರಿನ ಲೈನು ತೆಗೀರಿ’ ಎಂದಿತು ಆ ಕಡೆಯ ದನಿ. ತೆಗೆದೆ. ಸಬ್‌ಸ್ಟೇಷನ್ನಿನ ಆಚೆ ಜೋಳ ಬೀಸುತ್ತಿದ್ದ ಗಿರಣಿ ಗಕ್ಕನೆ ನಿಂತಿತು. ಗಿರಣಿಯವನು ಹೊರಗೆ ಬಂದು ನಮ್ಮ ಕಡೆ ನೋಡಿ ಬಾಗಿಲಲ್ಲೇ ಕುಳಿತ. ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಶಿವನಸಮುದ್ರದ ನಮ್ಮ ಕಾಲೋನಿಯವರಿಗೆ ಇದು ಅರ್ಥವಾಗುವುದು ಕಷ್ಟ. ಅಲ್ಲಿ ನೀರು ಬೀಳುತ್ತದೆ, ಚಕ್ರ ತಿರುಗುತ್ತದೆ, ದೀಪ ಉರಿಯುತ್ತದೆ. ಕರೆಂಟು ಮುಗಿದುಹೋಗುವ ಪದಾರ್ಥ ಎಂದು ನನಗೆ ತಿಳಿದದ್ದು ಇಲ್ಲಿ.

ಕರೆಂಟಿನ ಆಫೀಸಿನವನಿಗೆ ಯಾರೂ ಮನೆ ಕೊಡಲಿಲ್ಲ. ಕೊನೆಗೆ ಕೊಟ್ಟವರು ಮುಮ್ತಾಜ್‌ಬಿ. ಗಂಡ ತೀರಿಕೊಂಡ ಮೇಲೆ ಹಿತ್ತಲ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರವಿಟ್ಟು, ಕೋಳಿಮರಿ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ನಮ್ಮ ಮೊಟ್ಟೆ ಇಲ್ಲಿ ತತ್ತಿ. ಅಕ್ಕನಿಗೆ ಅವರ ಮಾತಿನಲ್ಲಿ ಆಪಾ. ನಾನೂ ಹಾಗೇ ಕರೆದೆ. ಮುದ್ದೆ ನುಂಗಿ ಬೆಳೆದ ನನಗೆ ಖಟಕ್ ರೊಟ್ಟಿ ತಿನ್ನಲು ಕಲಿಸಿದವರೂ ಅವರೇ.

ಆ ವರ್ಷ ಆಷಾಢ ಬಂದರೂ ಮಳೆ ಬರಲಿಲ್ಲ. ಬರೀ ಮೋಡ, ಥಂಡಿ ಗಾಳಿ. ಅಣೆಕಟ್ಟೆಗಳ ತಳ ಕಂಡಿತು. ಎರಡು ತಾಸಿನ ಕಡಿತ ನಾಲ್ಕಾಯಿತು, ಆಮೇಲೆ ಲೆಕ್ಕವೇ ಉಳಿಯಲಿಲ್ಲ. ಒಂದು ಬೆಳಿಗ್ಗೆ ಮುಮ್ತಾಜ್‌ಬಿ ಸಬ್‌ಸ್ಟೇಷನ್ನಿನ ಗೇಟಿಗೇ ಬಂದರು.

“ತಮ್ಮಾ, ಇವತ್ತೊಂದಿನ ತೆಗೀಬ್ಯಾಡಪ್ಪಾ. ನಾಳೆ ಮರಿ ಹೊರಗ ಬರ್ತಾವು. ತತ್ತಿ ಕಿವಿಗೆ ಹಿಡದ್ರ ಒಳಗ ಕುಟುಕೂದು ಕೇಳಸ್ತೈತಿ.”

“ನನ್ ಕೈಲಿಲ್ಲ ಆಪಾ. ಬೆಂಗಳೂರಿಂದ ಹೇಳ್ತಾರೆ.”

“ಬೆಂಗಳೂರಿನವ್ರು ನಮ್ಮನ್ಯಾಗ ಇರೂದಿಲ್ಲ. ನೀ ಇರ್ತಿ.”

ಫೋನಿನಲ್ಲಿ ಬೇಡಿಕೊಂಡೆ. ನೀರಿಲ್ಲ, ಕಲ್ಲಿದ್ದಲಿನ ಘಟಕವೂ ಒಂದು ನಿಂತಿದೆ, ಈಗಲೇ ತೆಗೆಯದಿದ್ದರೆ ಇಡೀ ರಾಜ್ಯದ ಲೈನು ಬೀಳುತ್ತದೆ ಎಂದರು. ಅವರು ಹೇಳಿದ್ದು ಸುಳ್ಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆಪಾ ಗೇಟಿನಲ್ಲಿ ನಿಂತಿರುವಾಗಲೇ ಸ್ವಿಚ್ಚು ತಿರುಗಿಸಿದೆ. ಅವರು ತಲೆಯ ಮೇಲಿನ ಸೆರಗು ಎಳೆದುಕೊಂಡು ಹಿಂತಿರುಗಿದರು, ಅರ್ಧ ದಾರಿಯಿಂದ ಓಡಿದರು.

ಎರಡಕ್ಕೆ ಡ್ಯೂಟಿ ಮುಗಿಸಿ ಹೋದಾಗ ಹಿತ್ತಲ ಕೋಣೆಯಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು. ಮೂಲೆಯಲ್ಲಿ ಇದ್ದಿಲ ಒಲೆ. ಹಳೆ ಸೀರೆ ಹೊಲಿದು ಮಾಡಿದ ಕೌದಿ ಹೊದ್ದು, ಮಡಿಲಲ್ಲಿ ತತ್ತಿ ಇಟ್ಟುಕೊಂಡು ಅವುಚಿ ಕುಳಿತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಹಿರಿಯ ಮಗಳು ಮುಖ ತಿರುಗಿಸಿದಳು. ಆಪಾ ಮಾತ್ರ, “ಕೈ ಬೆಚ್ಚಗ ಅದಾವೇನು? ಕುಂದರು” ಎಂದರು.

ಅಂಗಿಯೊಳಗೆ ಎಂಟು ಮೊಟ್ಟೆ ಇಟ್ಟುಕೊಂಡು ಗೋಡೆಗೆ ಒರಗಿದೆ. ಒಂದು ನನ್ನ ಎದೆಗೆ ತಾಗಿ ಕುಟುಕುತ್ತಿತ್ತು. ನಾಲ್ಕರ ಹೊತ್ತಿಗೆ ಅದು ನಿಂತಿತು. ಅದನ್ನು ಹೊರಗೆ ತೆಗೆಯಲಿಲ್ಲ.

ಕರೆಂಟು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮರುದಿನ ಹೊರಬಂದ ಮರಿಗಳು ಒಂದೇ ಬುಟ್ಟಿಗೆ ಹಿಡಿದವು. ಉಳಿದ ತತ್ತಿಗಳನ್ನು ಆಪಾ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದರು. ಯಂತ್ರ ಮಾರಾಟವಾಗಿ ಬ್ಯಾಡಗಿಯವರೊಬ್ಬರ ಪಾಲಾಯಿತು. ಹಿರಿಯ ಮಗಳು ಶಾಲೆ ಬಿಟ್ಟು ಬೀಜದ ಗೋದಾಮಿನಲ್ಲಿ ಹತ್ತಿಬೀಜ ಆರಿಸಲು ಹೋದಳು. ಮನೆ ಖಾಲಿ ಮಾಡುತ್ತೇನೆಂದೆ. “ಎಲ್ಲಿ ಹೋದ್ರೂ ನಿಂದು ಇದ ಕೆಲಸ ಅಲ್ಲೇನು?” ಎಂದು ರೊಟ್ಟಿ ಬಡಿಯುತ್ತಲೇ ಇದ್ದರು.

ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ, ‘ವರ್ಗ ಮಾಡಿಸ್ಕೊಂಡು ಬಂದ್ಬಿಡು’ ಅಂದಳು. ಅರ್ಜಿ ಬರೆದೆ, ಕೊಡಲಿಲ್ಲ. ಏಕೆಂದು ನನಗೇ ತಿಳಿಯದು.

ಮೊನ್ನೆ ಸೀಮೆಎಣ್ಣೆಯ ಸಾಲಿನಲ್ಲಿ ಆಪಾನ ಜೊತೆ ಅವರ ಡಬ್ಬಿ ಹಿಡಿದು ನಿಂತಿದ್ದೆ. ಮುಂದಿದ್ದ ಮುದುಕಿ, “ಇಂವ ಯಾರಬೇ?” ಎಂದು ಕೇಳಿದಳು.

ಆಪಾ ನನ್ನನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಿ ಹೇಳಿದರು:

“ನಮ್ಮಾಂವನ ಅದಾನ. ಕರೆಂಟ್ ತೆಗೀತಾನ.”