ದೊಡ್ಡಪ್ಪನ ಕಾರಿಗೆ ಹಾಕದೆ ಉಳಿಸಿಕೊಂಡ ಪೆಟ್ಟಿಗೆ

ಕಾರಿನ ಪೆಟ್ಟಿಗೆ ಬದಲಾಯಿಸಿದ್ದೇನೆ ಎಂದು ಹೇಳಿ ಹಳೆಯದನ್ನೇ ಹಾಕಿದೆ. ಕೈತಪ್ಪಿ ಅಲ್ಲ, ದುಡ್ಡಿನ ಆಸೆಗೂ ಅಲ್ಲ. ನಂಜೇಗೌಡ ದೊಡ್ಡಪ್ಪ ನಾಲ್ಕು ಜನರ ಕಣ್ಣೆದುರು ಕೆಟ್ಟ ಕಾರಿನೊಂದಿಗೆ ನಡುರಸ್ತೆಯಲ್ಲಿ ನಿಲ್ಲಬೇಕು — ಅದೊಂದೇ ಆಸೆಗೆ. ನಿಂತ. ಎಷ್ಟೋ ಸಲ ನಿಂತ. ಅವನು ನಿಂತ ಸುದ್ದಿ ಬಂದಾಗಲೆಲ್ಲ ನನಗೆ ಹೊಟ್ಟೆ ತುಂಬ ಉಂಡಂತಾಗುತ್ತಿತ್ತು — ಇದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಹೇಳಿದ್ದು ಅರ್ಧವೇ.

ಪಾಂಡವಪುರದಲ್ಲಿ ನನ್ನದೊಂದು ಅಂಗಡಿ. ಕಾರುಗಳ ವೈರಿಂಗ್ ಕೆಲಸ. ದೊಡ್ಡಪ್ಪ ಎಂದರೆ ನನ್ನ ಅಪ್ಪನ ದೊಡ್ಡಪ್ಪನ ಮಗ. ಇಬ್ಬರೂ ಬಿಂಡಿಗನವಿಲೆಯಲ್ಲಿ ಒಟ್ಟಿಗೆ ಕುರಿ ಕಾಯ್ದು ಬೆಳೆದವರು. ಅಪ್ಪ ಅಲ್ಲೇ ಉಳಿದ — ಮಳೆ ನಂಬಿದ ರಾಗಿ ಹೊಲ, ಒಂದಿಷ್ಟು ಕುರಿ. ದೊಡ್ಡಪ್ಪ ಬೆಳಗೊಳದ ಹೆಣ್ಣನ್ನು ಮದುವೆಯಾಗಿ ಮಾವನ ಮನೆ ಸೇರಿದ. ನಾಲೆ ನೀರಿನ ಗದ್ದೆ, ಭತ್ತ, ಕಬ್ಬು. ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಮೈಸೂರಿನ ಡಾಕ್ಟರೊಬ್ಬರಿಂದ ದೊಡ್ಡ ವಿದೇಶಿ ಕಾರೊಂದನ್ನು ಕೊಂಡ. ಆಗಲೇ ಅದಕ್ಕೆ ವಯಸ್ಸಾಗಿತ್ತು. ಆದರೂ ಏನು ಗತ್ತು! ಅದರ ಚರ್ಮದ ಸೀಟು ಕೊಳೆಯಾದೀತೆಂದು ದೊಡ್ಡಮ್ಮ ಟವೆಲ್ಲು ಹಾಸಿಕೊಂಡೇ ಕೂರುತ್ತಿದ್ದಳು.

ಇನ್ನು ನನ್ನ ಸಿಟ್ಟಿನ ಮೂಲ. ಕಾರು ಬರುವುದಕ್ಕೂ ಎಷ್ಟೋ ಮುಂಚೆ ಬೆಳಗೊಳದಲ್ಲಿ ದೊಡ್ಡಪ್ಪನ ಮಗಳ ಬೀಗರ ಊಟ ನಡೆಯಿತು. ಮದುವೆ ಮುಗಿದ ಮೇಲೆ ಬೀಗರಿಗೆಂದು ಹಾಕುವ ಬಾಡೂಟ — ನಮ್ಮ ಕಡೆ ಮದುವೆಗೆ ಬಾರದವರೂ ಇದಕ್ಕೆ ಬರುತ್ತಾರೆ. ಮೊದಲ ಪಂಕ್ತಿಯಲ್ಲಿ ಅಪ್ಪ ಕೂತ, ಪಕ್ಕದಲ್ಲಿ ನಾನು. ನನಗಾಗ ಮೀಸೆ ಬಂದಿತ್ತು, ದುಡಿಯುವ ವಯಸ್ಸು. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಅಪ್ಪ ಮುದ್ದೆ ಮುರಿದು ಮೊದಲ ತುತ್ತು ಸಾರಿಗೆ ಅದ್ದಿದ್ದ. ಅಷ್ಟರಲ್ಲಿ ದೊಡ್ಡಪ್ಪ ಬಂದು ಅವನ ಭುಜ ಹಿಡಿದ.

"ಏಳ್ಲಾ ತಮ್ಮ, ಬೀಗ್ರು ನಿಂತ್ಕಂಡವ್ರೆ. ನೀನು ಮುಂದ್ಲ ಪಂತಿಗೆ ಕುಂತ್ಕಳೀವಂತೆ."

ಕೈ ಎಲೆಗಿಟ್ಟವನನ್ನು ಎಬ್ಬಿಸುವುದು! ಅಪ್ಪ ಸಾರು ಸೋರುತ್ತಿದ್ದ ಕೈಯನ್ನು ಎದೆಗೆ ಹಿಡಿದುಕೊಂಡು, ಎರಡು ಸಾಲಿನ ನಡುವೆ ಅಷ್ಟೂ ಜನರ ಮುಂದೆ ಹಾದು ಹೋದ. ಮುಂದಿನ ಪಂಕ್ತಿಗೂ ಕೂರಲಿಲ್ಲ. ಬಸ್ಸಿಗೆ ನಿಂತಾಗ ಕೇಳಿದರೆ, "ಒಟ್ಟೆ ತುಂಬೋಗದೆ ಕಣ್ಲಾ, ನಡಿ" ಅಂದ. ಅಲ್ಲಿಂದಾಚೆಗೆ ಎಷ್ಟೋ ವರ್ಷ ಆ ಮನೆಯ ಹೊಸಿಲು ತುಳಿಯಲಿಲ್ಲ.

ನಾನು ಮಾತ್ರ ಹೋಗಿ ಬಂದು ಮಾಡುತ್ತಿದ್ದೆ. ಅಪ್ಪನ ಆ ಕೈ ಮಾತ್ರ ಕಣ್ಣಿಂದ ಹೋಗಲಿಲ್ಲ.

ವರ್ಷಗಳು ಕಳೆದು, ಆ ಕಾರು ನನ್ನ ಅಂಗಡಿಗೆ ಬಂತು. ಓಡುತ್ತಾ ಓಡುತ್ತಾ ಎಂಜಿನ್ ಆಫ್ ಆಗುತ್ತದೆ, ಕೊಂಚ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ — ಇದು ದೂರು. ಎಂಜಿನ್ನಿನ ಕಂಪ್ಯೂಟರು ಹೋಗುತ್ತಾ ಬಂದಿತ್ತು. ಅಂಗೈ ಅಗಲದ ಅಲ್ಯೂಮಿನಿಯಂ ಪೆಟ್ಟಿಗೆ. ಪೆಟ್ರೋಲು ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಲ್ಲ ಅದರ ಅಪ್ಪಣೆ. ಒಳಗಿನ ಬೆಸುಗೆಯೊಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಿಸಿ ಏರಿದರೆ ಬಿಡುತ್ತದೆ, ಆರಿದರೆ ಕೂಡುತ್ತದೆ. ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ಅದೇ ಜಾತಿಯ ಇನ್ನೊಂದು ಗಟ್ಟಿ ಪೆಟ್ಟಿಗೆ ತಂದೆ. ಹಳೆಯದರೊಳಗಿದ್ದುದನ್ನೆಲ್ಲ, ಕಾರು ತನ್ನ ಕೀಲಿಯನ್ನು ಗುರುತು ಹಿಡಿಯುವ ಸಂಕೇತವೂ ಸೇರಿ, ಅದಕ್ಕೆ ನಕಲು ಮಾಡಿದೆ. ಕೂರಿಸಿ ಸ್ಟಾರ್ಟ್ ಮಾಡಿದರೆ ಮಗು ನಿದ್ದೆಯಲ್ಲಿ ಉಸಿರಾಡಿದಂಥ ಸದ್ದು. ಆ ಗಳಿಗೆಯವರೆಗೂ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ — ನಂಬುವವರು ನಂಬಲಿ.

ದೊಡ್ಡಪ್ಪ ಗಾಡಿ ನೋಡಲು ಬಂದ. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರ ಮುಂದೆಯೇ ನಗುತ್ತಾ ಕೇಳಿದ: "ಏನ್ಲಾ, ನಿಮ್ಮಪ್ಪ ಇನ್ನೂ ಮುನಿಸ್ಕಂಡೇ ಅವ್ನಾ? ಒಂದು ಮುದ್ದೆಗೆ ಇಷ್ಟ್ ವರ್ಸದ ಕ್ವಾಪವಾ!"

ಒಂದು ಮುದ್ದೆಗೆ. ನಾನೂ ನಕ್ಕೆ. "ಇನ್ನೊಂದ್ ಚೂರು ಕೆಲ್ಸ ಅದೆ ದೊಡ್ಡಪ್ಪ, ಸಾಯಂಕಾಲ ಬಾ" ಅಂದೆ. ಅವನು ಅತ್ತ ಹೋದದ್ದೇ ಗಟ್ಟಿ ಪೆಟ್ಟಿಗೆಯನ್ನು ಬಿಚ್ಚಿದೆ. ಹಳೆಯದನ್ನು ಪೆಟ್ರೋಲಿನಲ್ಲಿ ಒರೆಸಿ, ಫಳಫಳ ಹೊಳೆಯಿಸಿ, ಮತ್ತೆ ಅದರ ಜಾಗದಲ್ಲೇ ಕೂರಿಸಿದೆ. ಸಾಯಂಕಾಲ ಕೀಲಿ ಕೊಡುತ್ತಾ ಹೇಳಿದೆ: "ಬ್ಯಾರೇದು ಹಾಕಿವ್ನಿ ದೊಡ್ಡಪ್ಪ. ಇನ್ನು ಎಲ್ಲಿಗ್ ಬೇಕಾದ್ರೂ ಓಗು."

ಎಲ್ಲಿಗೆ ಬೇಕಾದರೂ...

ಶ್ರೀರಂಗಪಟ್ಟಣದಲ್ಲಿ ಸೇತುವೆಯ ಮೇಲೆ ನಿಂತಿತು. ಹಿಂದೆ ಸಾಲುಗಟ್ಟಿದ ಬಸ್ಸುಗಳು ಹಾರ್ನು ಬಾರಿಸುತ್ತಿದ್ದರೆ ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ತಳ್ಳಿದನಂತೆ. ಕೆ.ಆರ್. ಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಬಾಗಿಲಿಗೇ ಅಡ್ಡ ನಿಂತಿತು. "ಏನ್ ಗೌಡ್ರೆ, ಎತ್ತು ತರಿಸ್ಲಾ?" ಎಂದು ಕಂಡಕ್ಟರೊಬ್ಬ ಕೂಗಿದ್ದಕ್ಕೆ ಇವನು, "ನಿನ್ ಬಸ್ಸಿಗೆ ಕಟ್ಟಿರೋ ಎತ್ತನ್ನೇ ಬಿಚ್ಕಂಡ್ ಬಾರ್ಲಾ" ಅಂದನಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ಅದನ್ನು ಕೇಳಿ ನನಗೆ ಬೇಜಾರೇ ಆಯಿತು — ಅವನು ನಗಿಸಲಿ ಎಂದಲ್ಲವಲ್ಲ ನಾನು ನಿಲ್ಲಿಸಿದ್ದು. ತಲೆ ತಗ್ಗಿಸಬೇಕಿತ್ತು. ಅಪ್ಪ ಎರಡು ಸಾಲಿನ ನಡುವೆ ನಡೆದಂತೆ ನಡೆಯಬೇಕಿತ್ತು.

ಪ್ರತಿ ಸಲವೂ ಗಾಡಿ ನನ್ನ ಬಳಿಗೇ ಬರುತ್ತಿತ್ತು. ನಾನೊಂದು ವೈರು ಎಳೆದು, ಇನ್ನೊಂದು ಬಿಗಿದು ಕಳಿಸುತ್ತಿದ್ದೆ. ಬೇರೆ ಕಡೆ ತೋರಿಸಿ ಎಂದವರಿಗೆ ದೊಡ್ಡಪ್ಪನದು ಒಂದೇ ಉತ್ತರ: "ನಮ್ ಹುಡ್ಗ ಇರುವಾಗ ಬ್ಯಾರೆಯೋರು ಯಾಕೆ?" ಗಟ್ಟಿ ಪೆಟ್ಟಿಗೆ ನನ್ನ ಅಂಗಡಿಯಲ್ಲಿ, ಅವನು ಬಂದು ಕೂರುವಾಗ ಅವನ ತಲೆಯ ಮೇಲಿನ ಅಟ್ಟಣಿಗೆಯಲ್ಲೇ ಇತ್ತು, ಬಟ್ಟೆ ಸುತ್ತಿಕೊಂಡು.

ಆಮೇಲೆ ಅವನ ಕಿರಿ ಮಗನ ಬೀಗರ ಊಟ ಬಂತು. ನನ್ನನ್ನೂ ಕರೆದಿದ್ದ, ಕೆಲಸದ ನೆಪ ಹೇಳಿ ಹೋಗಲಿಲ್ಲ. ಮಧ್ಯಾಹ್ನ ಸುಡುಬಿಸಿಲು. ಅಂಗಡಿ ಮುಂದೆ ಟೀ ಕುಡಿಯುತ್ತಿದ್ದಾಗ ಅವನ ಫೋನು.

"ಲೇ ಮಗ, ನಾಗಮಂಗ್ಲ ದಾಟಿ ಗಾಡಿ ನಿಂತೋಯ್ತು ಕಣ್ಲಾ. ವಸಿ ಬಂದ್ಬುಡು. ಅಲ್ಲಿ ಪಂತಿ ಕುಂತ್ಬುಡ್ತಾರೆ. ಜೊತೇಲಿ ಯಾರವ್ರೆ ಗೊತ್ತಾ ನಿಂಗೆ—"

ಹೊಸ ಬೀಗರು ನಾಗಮಂಗಲದ ಕಡೆಯವರು. ಅವರ ಪೈಕಿ ಯಾರೋ ದೊಡ್ಡ ಮನುಷ್ಯನನ್ನು ಕರೆತರುತ್ತಿದ್ದಾನೆ ಅಂದುಕೊಂಡೆ. ಬೀಗರ ಊಟದ ದಿನವೇ, ಬೀಗನೊಂದಿಗೇ, ರಸ್ತೆ ಮಧ್ಯೆ! ಇದಕ್ಕಿಂತ ಇನ್ನೇನು ಬೇಕು? "ಬೆಂಗ್ಳೂರಲ್ಲಿ ಇವ್ನಿ ದೊಡ್ಡಪ್ಪ, ಬರಾಕಾಗಕಿಲ್ಲ" ಎಂದು ಅವನ ಮಾತನ್ನು ಅರ್ಧಕ್ಕೇ ಕತ್ತರಿಸಿದೆ. ಮತ್ತೆ ಫೋನು ಬಡಿದುಕೊಂಡಿತು. ಎತ್ತಲಿಲ್ಲ. ಇನ್ನೊಂದು ಟೀ ಹೇಳಿದೆ.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಅಪ್ಪ ನಿಂತಿದ್ದ. ಬಿಳಿ ಅಂಗಿ, ಮದುವೆಗೆ ಉಡುವ ಪಂಚೆ. ಬೆಳಗೊಳದಿಂದ ಊರಿಗೆ ಹೊರಟವನು ಬಸ್ಸಿಳಿದು ಬಂದಿದ್ದ.

"ಅಣ್ಣನೇ ಬಂದಿದ್ದ ಕಣ್ಲಾ, ಊರ್ಗೆ. ಬಾಕ್ಲಲ್ಲಿ ನಿಂತ್ಕಂಡು, 'ಆವತ್ತು ಎಬ್ಬಿಸ್ದೋನೂ ನಾನೇ, ಇವತ್ತು ಕೂರ್ಸೋನೂ ನಾನೇ, ನಡೀಲಾ' ಅಂದ. ಮೊದಲ್ನೇ ಪಂತೀಲಿ, ಅವನ್ ಪಕ್ಕದಲ್ಲೇ ಅಂತೆ." ಅಪ್ಪ ನಕ್ಕ. "ಗಾಡಿ ಕೈ ಕೊಡ್ತು. ದಾರೀಲಿ ಮೂರ್ ಕಡೆ ಕುಂತ್ಕತು. ಬಸ್ಸಲ್ ಓಗನ ಅಂದ್ರೆ, ತಮ್ಮನ್ನ ಕಾರಲ್ಲೇ ಇಳಿಸ್ಬೇಕು ಅಂತ ಅವನ್ದೊಂದು ಹಟ. ನಾವ್ ಓಗೋ ಒತ್ತಿಗೆ ಪಂತಿ ಎಲ್ಲಾ ಎದ್ದೋಗಿತ್ತು. ಪಾತ್ರೆ ಉಜ್ತಿದ್ರು. ಇಬ್ರೇ ಕುಂತ್ಕಂಡು ಉಂಡೊ."

ಅಪ್ಪ ಹೊರಡುತ್ತಾ ತಿರುಗಿ ನೋಡಿ, "ನೀನೇ ಅಂತಲ್ಲಾ ರಿಪೇರಿ ಮಾಡಿದ್ದು ಅದುನ್ನ?" ಅಂದ.

"ಊಂ" ಅಂದೆ.

"ಅಳೇ ಗಾಡಿ ಬುಡು, ನೀನೇನ್ ಮಾಡೀಯ."

ಮತ್ತೊಂದು ಬೀಗರ ಊಟ ಆ ಮನೆಯಲ್ಲಿ ಆಗುವವರೆಗೆ ಅಪ್ಪ ಉಳಿಯಲಿಲ್ಲ. ಎಬ್ಬಿಸಿದ್ದನ್ನು ಊರೆಲ್ಲ ನೋಡಿತ್ತು. ಕೂರಿಸಿದ್ದನ್ನು ಪಾತ್ರೆ ಉಜ್ಜುವವರು ಮಾತ್ರ ನೋಡಿದರು.

ಇಷ್ಟು ಹೇಳಿದರೂ ಒಂದನ್ನು ಬಚ್ಚಿಟ್ಟುಕೊಂಡೇ ಬಂದೆ. ಆ ದಿನ ಅಪ್ಪ ಎದ್ದು ಹೋದಾಗ — ನಾನು ಏಳಲಿಲ್ಲ. ನನ್ನ ಭುಜವನ್ನು ಯಾರೂ ಹಿಡಿದಿರಲಿಲ್ಲ. ಅಪ್ಪನ ಎಲೆ ತೆಗೆದು ಬೇರೆ ಎಲೆ ಹಾಕಿದರು, ಯಾರೋ ಬೀಗ ಬಂದು ಕೂತ, ನಾನು ಅವನ ಪಕ್ಕದಲ್ಲಿ ತಲೆ ಬಗ್ಗಿಸಿ ಮುದ್ದೆ ಮುಗಿಸಿದೆ. ಚೆನ್ನಾಗಿತ್ತು ಸಾರು. ಎರಡನೇ ಸಲವೂ ಹಾಕಿಸಿಕೊಂಡೆ. ಅಷ್ಟು ವರ್ಷ ನಾನು ರಸ್ತೆಯಲ್ಲಿ ನಿಲ್ಲಿಸಿದ್ದು ದೊಡ್ಡಪ್ಪನನ್ನೋ, ಅಥವಾ ಅಂದು ಎದ್ದು ನಿಲ್ಲದವನನ್ನೋ... ಗೊತ್ತಿಲ್ಲ. ಗೊತ್ತಾದರೂ ಅದರಿಂದ ಅಪ್ಪನಿಗೇನೂ ಸಿಗುವುದಿಲ್ಲ.

ಕಾರು ಈಗ ಬೆಳಗೊಳದ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ನಿಂತಿದೆ. ಕೇಳಿದವರಿಗೆಲ್ಲ ದೊಡ್ಡಪ್ಪ, "ಹುಡ್ಗ ಬೇಕಾದಷ್ಟು ಮಾಡ್ದ, ಗಾಡಿ ಅಣೇಬರ" ಅನ್ನುತ್ತಾನಂತೆ. ಮೊನ್ನೆ ಮೊಮ್ಮಗಳ ಬೀಗರ ಊಟಕ್ಕೆ ಕರೆಯಲು ಅಂಗಡಿಗೇ ಬಂದಿದ್ದ, ಕೋಲೂರಿಕೊಂಡು. "ಮೊದಲ್ನೇ ಪಂತಿ ಕಣ್ಲಾ. ನಿಮ್ಮಪ್ಪನ್ ಜಾಗ್ದಲ್ಲಿ ನೀನ್ ಕುಂತ್ಕ, ನನ್ ಪಕ್ಕ" ಅಂದ.

ಅಟ್ಟಣಿಗೆಯಿಂದ ಪೆಟ್ಟಿಗೆ ಇಳಿಸಿದ್ದೇನೆ. ಊಟದ ದಿನ ಬೆಳಿಗ್ಗೆಯೇ ಹೋಗಿ ಅದನ್ನು ಕಾರಿಗೆ ಹಾಕುತ್ತೇನೆ. ಹಳೆಯದನ್ನು ಅವನ ಕೈಗಿಟ್ಟು, ಎಲೆ ಹಾಕುವುದಕ್ಕೆ ಮುಂಚೆ ಎಲ್ಲವನ್ನೂ ಹೇಳುತ್ತೇನೆ — ಸೇತುವೆ, ಬಸ್ ಸ್ಟ್ಯಾಂಡು, ಬೆಂಗಳೂರಿನಲ್ಲಿದ್ದೇನೆ ಅಂದ ಸುಳ್ಳು, ಎರಡನೇ ಸಲ ಹಾಕಿಸಿಕೊಂಡ ಸಾರು. ಕೇಳಿ ಅವನು "ಏಳ್ಲಾ" ಅಂದರೆ, ಅಷ್ಟೂ ಜನರ ನಡುವೆ ಎದ್ದು ನಡೆದುಬಿಡುತ್ತೇನೆ. ಅದಕ್ಕೆ ಸಿದ್ಧನಿದ್ದೇನೆ.

"ಕುಂತ್ಕಳ್ಳಾ" ಅಂದುಬಿಟ್ಟರೆ — ನನಗೆ ಭಯವಿರುವುದು ಅದಕ್ಕೆ.