ಇಂಟರ್‌ವೆಲ್‌ಗೆ ಎದ್ದುಬಂದ ಕಸ್ತೂರೆಮ್ಮ

ಮಸ್ಕಿಯವರು ಸಿಂಧನೂರಿಗೆ ಹೋಗಿ ಸಿನಿಮಾ ನೋಡಬೇಕೆಂದರೆ ಮೊದಲು ಕಸ್ತೂರೆಮ್ಮನನ್ನು ಕೇಳುತ್ತಾರೆ. ಬೆಂಗಳೂರಿನವರು ಮೊಬೈಲಿನಲ್ಲಿ ಎಷ್ಟು ನಕ್ಷತ್ರ ಕೊಟ್ಟರೂ ಇಲ್ಲಿ ಅದು ನಡೆಯುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ರೊಟ್ಟಿ ಅಂಗಡಿ ಇದೆ. ಖಡಕ್ ರೊಟ್ಟಿ ಕಟ್ಟಿಸಿಕೊಳ್ಳಲು ಬಂದವರು ಒಂದು ಕೈ ಚೀಲಕ್ಕೆ ಚಾಚಿ, "ಹೆಂಗೈತ್ರಿ ಅಕ್ಕಾರ ಹೊಸಾ ಪಿಚ್ಚರ್?" ಎಂದು ಕೇಳುತ್ತಾರೆ. ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ, "ಹೋಗ್ರಿ" ಅಥವಾ "ಮನಿಯಾಗ ಮಲಗ್ರಿ" ಅನ್ನುತ್ತಾಳೆ. ಅಷ್ಟೇ ತೀರ್ಪು. ಲಿಂಗಸುಗೂರು ಕಡೆಯ ಕಂಡಕ್ಟರುಗಳು ಆ ಮಾತನ್ನು ರೊಟ್ಟಿಯ ಜೊತೆಗೇ ಒಯ್ಯುತ್ತಾರೆ.

ಐವತ್ತೆರಡು ವರ್ಷದ ಈ ಹೆಂಗಸಿಗೆ ಸಿನಿಮಾ ಹುಚ್ಚು ಹತ್ತಿಸಿದವನು ಗಂಡ ಬಸವಲಿಂಗ. ಮದುವೆಯಾದ ವಾರದಲ್ಲೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮ್ಯಾಟಿನಿಗೆ ಕರೆದೊಯ್ದಿದ್ದನಂತೆ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಹುಚ್ಚು ಮಾತ್ರ ಇವಳಲ್ಲೇ ಉಳಿಯಿತು. ಅದರಲ್ಲೂ ಕೊಲೆ, ತನಿಖೆ, ಪೊಲೀಸು ಇರುವ ಸಿನಿಮಾ ಎಂದರೆ ಅವಳಿಗೆ ಊಟ ಬೇಡ. ಅರ್ಧ ಗಂಟೆಯೊಳಗೆ ಕೊಲೆಗಾರ ಯಾರೆಂದು ಹಿಡಿದುಬಿಡುತ್ತಾಳೆ. ಹಿಡಿದದ್ದನ್ನು ಯಾರಿಗೂ ಹೇಳುವುದಿಲ್ಲ. ಕಥೆಯ ಕೊನೆಯನ್ನು ಬಾಯಿಬಿಡುವುದು ಅವಳ ಲೆಕ್ಕದಲ್ಲಿ ಮಹಾಪಾಪ. ರೊಟ್ಟಿ ಬಡಿಯಲು ಜೊತೆಗಿರುವ ಜೈನಾಬೀ ಒಮ್ಮೆ ಯಾವುದೋ ಸಿನಿಮಾದ ಕೊನೆ ಹೇಳಿಬಿಟ್ಟಳೆಂದು ಕಸ್ತೂರೆಮ್ಮ ಎಂಟು ದಿನ ಮಾತು ಬಿಟ್ಟಿದ್ದಳು. ಒಂದೇ ಒಲೆಯ ಮುಂದೆ ಎಂಟು ದಿನ ಮಾತಿಲ್ಲದೆ ಕೂರುವುದು ಎಂದರೆ ಸಣ್ಣ ಶಿಕ್ಷೆಯಲ್ಲ. ಆಮೇಲೆ ಜೈನಾಬೀ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಕಲಿತಳು.

ಹೀಗಿರುವಾಗ ಆ ಮಠದ ಸಿನಿಮಾದ ಎರಡನೇ ಭಾಗ ಬಂತು. ಮೊದಲ ಭಾಗವನ್ನು ಕಸ್ತೂರೆಮ್ಮ ಮೂರು ಸಲ ನೋಡಿದ್ದಳು. ಹಳೆಯ ಮಠವೊಂದರಲ್ಲಿ ಒಂದಾದ ಮೇಲೊಂದು ಕೊಲೆ, ಬೆನ್ನು ಹತ್ತಿದ ಪೊಲೀಸ್ ಹೆಂಗಸು, ಕೊನೆಗೆ ಹಿರಿಯ ಸ್ವಾಮಿಗಳೇ ಕಾಣೆ. ಅಲ್ಲಿಗೆ ನಿಲ್ಲಿಸಿ ಎರಡು ವರ್ಷ ಕಾಯಿಸಿದ್ದರು. ಬಿಡುಗಡೆಯ ದಿನವೇ ಅಂಗಡಿಗೆ ಬಾಗಿಲು ಹಾಕಿ, ಜೈನಾಬೀಯನ್ನು ಎಳೆದುಕೊಂಡು, ಸಿಂಧನೂರಿನ ಮ್ಯಾಟಿನಿಗೆ ಹೋಗಿ ಕುಳಿತಳು.

ಇಂಟರ್‌ವೆಲ್‌ಗೆ ಸ್ವಲ್ಪ ಮೊದಲು ಹಿರಿಯ ಸ್ವಾಮಿಗಳ ಹೆಣ ಸಿಕ್ಕಿತು. ಕಿರಿಯ ಸ್ವಾಮಿ ಮಠದ ಬಾಗಿಲು ಹಾಕಿಸಿ, ಭಕ್ತರನ್ನೆಲ್ಲ ಹೊರಗೆ ನಿಲ್ಲಿಸಿ, ಕಟ್ಟಿಗೆ ಒಟ್ಟಿಸಿ, ಗುರುವಿನ ದೇಹಕ್ಕೆ ಬೆಂಕಿ ಇಟ್ಟ.

ಈ ಸೀಮೆಯ ಶಿವಭಕ್ತರ ಮನೆಗಳಲ್ಲಿ ಲಿಂಗ ಕಟ್ಟಿಕೊಂಡವರನ್ನು ಸುಡುವುದಿಲ್ಲ. ಕೂರಿಸಿ, ವಿಭೂತಿ, ಪತ್ರಿ ಇಟ್ಟು ಮಣ್ಣು ಕೊಡುತ್ತಾರೆ. ಅದೂ ಮಠದ ಸ್ವಾಮಿಗಳನ್ನು. ಮೂರನೇ ಸಾಲಿನಿಂದ ಯಾರೋ ಬೈದರು, ಕುರ್ಚಿಗಳು ದಡಬಡ ಎಂದವು. ಕಸ್ತೂರೆಮ್ಮನ ಕಣ್ಣ ಮುಂದೆ ಮಾತ್ರ ಬಸವಲಿಂಗ ಬಂದು ಕುಳಿತಿದ್ದ. ಕೊನೆಯ ದಿನ ಅವನನ್ನು ಕೂರಿಸಿದ್ದು ಹಾಗೆಯೇ, ಬೆನ್ನು ನೆಟ್ಟಗೆ, ಅಂಗೈಯಲ್ಲಿ ಲಿಂಗ. ಆ ಉರಿ ಅವನಿಗೇ ಹತ್ತಿದಂತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಏಳು ಜೈನಾಬಿ. ಇಂಥಾದ್ದು ನಾ ನೋಡಂಗಿಲ್ಲ."

"ನೀ ಹೋಗಿ ಚಾ ಕುಡೀತಿರು ಅಕ್ಕಾ. ಕೊಲಿ ಮಾಡಿದಾಂವ ಯಾರಂತ ತಿಳೀಲಿಲ್ಲಂದ್ರ ನನಗ ಉಂಡದ್ದು ಅರಗಂಗಿಲ್ಲ," ಎಂದು ಜೈನಾಬೀ ಅಲುಗಾಡಲಿಲ್ಲ.

ಹೊರಗೆ ಶಕೀಲ್ ಮೊಬೈಲು ಹಿಡಿದು ನಿಂತಿದ್ದ. ಊರೂರಿನ ಸುದ್ದಿ ಹಾಕುವ ಸಣ್ಣದೊಂದು ಯೂಟ್ಯೂಬ್ ಚಾನೆಲ್ ಅವನದು. ಸಿನಿಮಾ ಬಂದಾಗ ಪ್ರೇಕ್ಷಕರ ಅಭಿಪ್ರಾಯ ಹಾಕಿದರೆ ನಾಲ್ಕು ಮಂದಿ ಹೆಚ್ಚು ನೋಡುತ್ತಾರೆ. ಅವನು ಕೇಳುವ ಮೊದಲೇ ಕಸ್ತೂರೆಮ್ಮ ಮಾತು ಶುರುಮಾಡಿದಳು.

"ಇವರಿಗೆ ಸ್ವಾಮಿಗಳನ್ನ ಸುಡ್ತಾರೋ ಮಣ್ಣು ಕೊಡ್ತಾರೋ ಅನ್ನೂದೂ ಗೊತ್ತಿಲ್ಲ. ಒಬ್ಬ ಮುದುಕನ್ನ ಕೇಳಿದ್ರ ಹೇಳ್ತಿದ್ದ. ಕೇಳಿಲ್ಲ. ಯಾರ ಹತ್ರಾನೋ ರೊಕ್ಕ ತಗೊಂಡು ನಮ್ಮ ಗುರುಗಳಿಗೆ ಬೆಂಕಿ ಹಚ್ಚಿ ತೋರಿಸ್ಯಾರ. ಯಾರೂ ನೋಡಬ್ಯಾಡ್ರಿ ಈ ಪಿಚ್ಚರ್."

ಶಕೀಲ್ ಅದನ್ನು ಒಂದು ಅಕ್ಷರವೂ ಕತ್ತರಿಸದೆ ಹಾಕಿದ. ಆ ಪುಣ್ಯಾತ್ಮನದು ಏನೂ ತಪ್ಪಿಲ್ಲ. ಮಾತು ಅವಳದೇ, ಮುಖ ಅವಳದೇ. ಮೂರು ದಿನದಲ್ಲಿ ಆ ವಿಡಿಯೋ ಮುದಗಲ್ ದಾಟಿ ಎಲ್ಲೆಲ್ಲಿಗೋ ಹೋಯಿತು. ಅಂಗಡಿಗೆ ಬಂದವರು ರೊಟ್ಟಿ ಮರೆತು ಕೈ ಮುಗಿದರು. "ಬರೋಬ್ಬರಿ ಹೇಳಿದ್ರಿ ಅಮ್ಮಾರ" ಎಂದರು. ಸುಳ್ಳೇಕೆ, ಅವಳಿಗೂ ಹಿತವೆನಿಸಿತು. ಒಂದು ದಿನ ಎರಡು ರೊಟ್ಟಿ ಸೀದವು.

ಸಿಂಧನೂರಿನ ಚಿತ್ರಮಂದಿರದಲ್ಲಿ ಜನ ಕಡಿಮೆಯಾದರು. ಶುಕ್ರವಾರ ಲಿಂಗಸುಗೂರಿನಲ್ಲಿ ಸಿನಿಮಾ ಹಾಕುವವರಿದ್ದರು. ಅಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ವಿರೇಶ ಎಂಬ ಯುವಕ ಹುಡುಗರ ಸಂಘ ಕಟ್ಟಿಕೊಂಡಿದ್ದ. ಅವನು ಅವಳ ವಿಡಿಯೋಗೆ ಒಂದು ಸಾಲು ಸೇರಿಸಿ ಕಳಿಸಿದ: ಶುಕ್ರವಾರ ಮ್ಯಾಟಿನಿ ನಡೆಯಲು ಬಿಡುವುದಿಲ್ಲ, ಎಲ್ಲರೂ ಗೇಟಿಗೆ ಬನ್ನಿ.

ಮಂಗಳವಾರ ಬೆಳಿಗ್ಗೆ ಯಾರೋ ಅದನ್ನು ಅಂಗಡಿಯಲ್ಲಿ ಓದಿ ಹೇಳಿ ಹೋದರು. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದೆ ಹಿಟ್ಟು ನಾದುತ್ತಿದ್ದ ಜೈನಾಬೀ ಕೈ ನಿಲ್ಲಿಸಿದಳು.

"ಅಕ್ಕಾ, ನಾ ಕತಿ ಹೇಳಂಗಿಲ್ಲ. ನೀ ಮತ್ತ ಎಂಟು ದಿನ ಮಾತು ಬಿಡ್ತಿ. ಒಂದ ಮಾತು ಹೇಳ್ಲೇನು?"

"ಹೇಳು."

"ನೀ ಹೊರಗ ನಿಂತು ಏನ ಅಂದ್ಯಲ್ಲ, ಅದನ್ನ ಒಳಗ ಆ ಪೊಲೀಸಾಕಿನೂ ಅಂದಳು."

ಕಸ್ತೂರೆಮ್ಮ ಹಂಚಿನ ಮೇಲೆ ರೊಟ್ಟಿ ಹಾಕಿದವಳು ಹಾಗೇ ಕುಳಿತಳು. ಇಪ್ಪತ್ತು ವರ್ಷ ಕೊಲೆಗಾರರನ್ನು ಹಿಡಿದ ತಲೆಗೆ ಅಷ್ಟು ಸಾಕಿತ್ತು. ಒಲೆ ಆರಿಸಿ ಸಿಂಧನೂರಿನ ಹತ್ತೂವರೆಯ ಬಸ್ಸು ಹತ್ತಿದಳು.

ಸಿನಿಮಾ ಆ ಊರುಗಳಿಂದ ಹೋಗಿ ಆರು ತಿಂಗಳಾಗಿದೆ, ಆದ್ದರಿಂದ ನಾನೀಗ ಹೇಳಿದರೆ ಅವಳು ಕೋಪಿಸಿಕೊಳ್ಳಲಾರಳು. ಕೋಪಿಸಿಕೊಂಡರೂ ರೊಟ್ಟಿ ಕೊಡುತ್ತಾಳೆ. ಎರಡನೇ ಅರ್ಧದಲ್ಲಿ ಆ ಪೊಲೀಸ್ ಹೆಂಗಸು ಬೂದಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಾಳೆ: ಈ ಮಠದಲ್ಲಿ ಬೆಳೆದವನು ಗುರುವಿನ ದೇಹಕ್ಕೆ ಬೆಂಕಿ ಇಡುತ್ತಾನೆಯೇ? ಇಡುವುದಿಲ್ಲ. ಇಟ್ಟವನು ಮಠದವನೇ ಅಲ್ಲ, ಕಿರಿಯ ಸ್ವಾಮಿಯ ಕಾವಿ ಉಟ್ಟ ಕಳ್ಳ. ಕೊಲೆಯ ಗುರುತು ಸಿಕ್ಕದಿರಲೆಂದು ಸುಟ್ಟ, ಸುಟ್ಟದ್ದರಿಂದಲೇ ಸಿಕ್ಕಿಬಿದ್ದ. ಇಡೀ ಎರಡು ಭಾಗದ ಕಥೆ ನಿಂತದ್ದು ಆ ಚಿತೆಯ ಮೇಲೆ. ಅದು ತಪ್ಪೆಂದು ತಿಳಿದವರೆಲ್ಲ ಎದ್ದು ಹೋಗಿದ್ದರು. ತಪ್ಪೆಂದು ತಿಳಿಯದ ಊರುಗಳಲ್ಲಿ ಜನ ಕುಳಿತು ನೋಡಿ ಚಪ್ಪಾಳೆ ಹೊಡೆದಿದ್ದರು.

ಖಾಲಿ ಕುರ್ಚಿಗಳ ನಡುವೆ ಕುಳಿತ ಕಸ್ತೂರೆಮ್ಮನಿಗೆ ನಾಚಿಕೆಯಾಯಿತು. ಭಕ್ತರನ್ನು ಹೊರಗಿಟ್ಟು ಬಾಗಿಲು ಹಾಕಿಸಿದ್ದು ಅವಳ ಕಣ್ಣೆದುರೇ ನಡೆದಿತ್ತು. ಬೇರೆ ಸಿನಿಮಾ ಆಗಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. ಸಿಟ್ಟು ಕಣ್ಣಿಗೆ ಪೊರೆ ಕಟ್ಟಿತ್ತು. ಅರ್ಧ ನೋಡಿ ಪೂರ್ತಿ ತೀರ್ಪು ಕೊಟ್ಟಿದ್ದಳು, ಅದನ್ನು ನಂಬಿ ಊರಿಗೂರೇ ಎದ್ದು ನಿಂತಿತ್ತು. ಅವಳ ಹತ್ತಿರ ಇದ್ದ ಆಸ್ತಿಯೆಂದರೆ ಆ ಮಾತಿನ ಮೇಲಿನ ನಂಬಿಕೆ. ಅದೇ ಈಗ ಸುಳ್ಳಿನ ಕಡೆ ನಿಂತಿದೆ. ಇದನ್ನು ಹೀಗೆ ಬಿಡಬಾರದು ಎಂದು ಕುಳಿತಲ್ಲೇ ನಿರ್ಧರಿಸಿದಳು.

ಅಂದೇ ವಿರೇಶನಿಗೆ ಫೋನು ಮಾಡಿದಳು.

"ತಮ್ಮಾ, ನಾ ಮಸ್ಕಿ ಕಸ್ತೂರೆಮ್ಮ ಮಾತಾಡಾಕತ್ತೀನಿ. ನಾ ಹೇಳಿದ್ದು ತಪ್ಪಾಗೈತಿ. ಪಿಚ್ಚರ್ ಬಂದ್ ಮಾಡಿಸಬ್ಯಾಡ್ರಿ."

"ಏನ ತಪ್ಪಾಗೈತ್ರಿ ಅಮ್ಮಾರ? ಬೆಂಕಿ ಹಚ್ಚಿದ್ದು ಖರೆ ಹೌದಿಲ್ಲೋ?"

"ಹಚ್ಚಿದ್ದು ಖರೆ. ಯಾಕ ಹಚ್ಚ್ಯಾರ ಅನ್ನೂದು ಮುಂದ ಐತಿ."

"ಯಾಕ್ರಿ?"

ಕಸ್ತೂರೆಮ್ಮನ ನಾಲಿಗೆ ಅಲ್ಲೇ ನಿಂತಿತು. ಹೇಳಿದರೆ ಸಿನಿಮಾ ಸತ್ತಂತೆ. ಇವನಿಗೆ ಹೇಳಿದ್ದು ಸಂಜೆಯೊಳಗೆ ಸಂಘದ ಎಲ್ಲ ಮೊಬೈಲಿಗೆ ಹೋಗುತ್ತದೆ. ಆಮೇಲೆ ಯಾರು ನೋಡುತ್ತಾರೆ? ಒಮ್ಮೆ ಕೆಡಿಸಿದ್ದನ್ನು ಸರಿಮಾಡಲು ಹೋಗಿ ಇನ್ನೊಮ್ಮೆ ಕೆಡಿಸಿದಂತೆ.

"ಅದು ಹೇಳಾಕ ಬರಂಗಿಲ್ಲ. ನೀವ ಹೋಗಿ ಪೂರಾ ನೋಡ್ರಿ."

ವಿರೇಶ ಬಹಳ ಮರ್ಯಾದೆಯಿಂದಲೇ ಕೇಳಿದ. "ಥಿಯೇಟರಿನವರು ಏನರ ಕೊಟ್ರೇನ್ರಿ ಅಮ್ಮಾರ?"

ಅವಳು ಫೋನು ಇಟ್ಟಳು. ಗಂಡ ಹೋದ ಮೇಲೆ ಒಬ್ಬಳೇ ಒಲೆ ಹಚ್ಚಿ ಬದುಕಿದವಳು, ಯಾರ ಹಂಗಿನಲ್ಲೂ ಇರದವಳು. ಆ ಮಾತು ಎದೆಗೆ ನಾಟಿತು. ಜೈನಾಬೀ ಸಮಾಧಾನ ಹೇಳಿದಳು: ಆದದ್ದು ಆಯ್ತು, ನಾಲ್ಕು ದಿನಕ್ಕೆ ಜನ ಮರೆಯುತ್ತಾರೆ, ಸುಮ್ಮನಿರು. ಶಕೀಲನೂ ಹಾಗೆಯೇ ಅಂದ. ಬೈದ ವಿಡಿಯೋ ಓಡುತ್ತದೆ, ತಪ್ಪಾಯಿತು ಅಂದ ವಿಡಿಯೋವನ್ನು ಯಾರು ನೋಡುತ್ತಾರೆ ಎಂದ.

"ಹತ್ತು ಮಂದಿ ನೋಡ್ಲಿ. ಶುಕ್ರವಾರ ಲಿಂಗಸುಗೂರಿಗೆ ಬಾ," ಎಂದಳು ಕಸ್ತೂರೆಮ್ಮ. ಪಟ್ಟು ಹಿಡಿದರೆ ಬಿಡುವವಳಲ್ಲ ಅವಳು.

ಶುಕ್ರವಾರ ಮ್ಯಾಟಿನಿಗೆ ಚಿತ್ರಮಂದಿರದ ಗೇಟಿನಲ್ಲಿ ಇಪ್ಪತ್ತು, ಇಪ್ಪತ್ತೈದು ಹುಡುಗರು ಅಡ್ಡ ನಿಂತಿದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಅವಳದೇ ಫೋಟೋ ಹಾಕಿದ ಬ್ಯಾನರು. ಕಸ್ತೂರೆಮ್ಮ ತನ್ನ ಫೋಟೋದ ಮುಂದೆ ಬಂದು ನಿಂತಳು. ಹುಡುಗರು ದಾರಿ ಬಿಟ್ಟರು, ಅವರ ನಾಯಕಿಯಲ್ಲವೇ ಅವಳು.

"ವಿರೇಶ, ನೀ ಪಿಚ್ಚರ್ ನೋಡೀ ಏನು?"

"ಇಂಥಾದ್ದು ನೋಡೂದೇನ್ರಿ."

"ನಾನೂ ಪೂರಾ ನೋಡಿರ್ಲಿಲ್ಲ. ಅದಕ ಈ ಬ್ಯಾನರ್ ಬಂದೈತಿ. ಈಗ ನಿಮ್ಮ ಮಂದೀನ ಕರ್ಕೊಂಡು ಒಳಗ ಬಾ. ಪೂರಾ ನೋಡು. ನೋಡಿದ ಮ್ಯಾಲೂ ಬಂದ್ ಮಾಡಸ್ತೀನಿ ಅಂದ್ರ, ನಾಳೆ ನಿನಗಿಂತ ಮೊದಲ ನಾ ಬಂದು ಈ ಗೇಟಿನ್ಯಾಗ ಕೂಡ್ತೀನಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಬ್ಯಾನರಿನ ಹೆಂಗಸೇ ಕರೆದಾಗ ಇಲ್ಲವೆನ್ನುವುದು ಹೇಗೆ? ಬ್ಯಾನರು ಸುತ್ತಿ ಗೋಡೆಗೆ ಒರಗಿಸಿ ಒಳಗೆ ಹೋದರು. ಗೇಟಿನ ಹೊರಗೆ ಕಾದಿದ್ದ ಜನರೂ ಹಿಂದೆಯೇ ನುಗ್ಗಿದರು.

ಚಿತೆ ಹತ್ತಿದ ಕೂಡಲೇ ಮೊದಲು ಎದ್ದವನು ವಿರೇಶ. ಹಿಂದೆಯೇ ಅವನ ಹುಡುಗರು, ಅವರ ಹಿಂದೆ ಅರ್ಧ ಚಿತ್ರಮಂದಿರ. ಬಾಗಿಲಿಗೆ ಬಂದರೆ ಅಲ್ಲಿ ಕಸ್ತೂರೆಮ್ಮ ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಆ ದೃಶ್ಯ ಬರುವ ಮೊದಲೇ ಎದ್ದು ಬಂದಿದ್ದಳು.

"ಬಿಡ್ರಿ ಅಮ್ಮಾರ. ಸ್ವಾಮಿಗಳಿಗೆ ಬೆಂಕಿ ಹಚ್ಚ್ಯಾರ, ನೀವು ಕೂಡು ಅಂತೀರಿ?"

"ನನ್ನ ಗಂಡನ್ನ ಕುಂದ್ರಿಸಿ, ವಿಭೂತಿ ಇಟ್ಟು, ಮಣ್ಣು ಕೊಟ್ಟಾಕಿ ನಾನು. ಆ ಬೆಂಕಿ ನಿನಗಿಂತ ನನಗ ಹೆಚ್ಚು ಸುಟ್ಟೈತಿ. ಆದ್ರೂ ಕೂಡು ಅಂತೀನಿ," ಎಂದಳು. ಕೈ ಸಡಿಲಿಸಲಿಲ್ಲ. "ಹೋದ ವಾರ ನಾ ಇದ ಹೊತ್ತಿಗೆ ಎದ್ದು ಹೋಗಿ ತಪ್ಪು ಮಾಡೀನಿ. ನಿಮ್ಮನ್ನ ಮಾಡಾಕ ಬಿಡಂಗಿಲ್ಲ. ನೂಕಿ ಹೋಗೂದಿದ್ರ ನೂಕ್ರಿ."

ಹಿಂದೆ ಇದ್ದವರು ತಳ್ಳಿದರು, ಮುಂದೆ ಇದ್ದವರು ನಿಂತರು. ತಾಯಿಯ ವಯಸ್ಸಿನ ಹೆಂಗಸನ್ನು ನೂಕುವ ಕೈ ಅಲ್ಲಿ ಯಾರಿಗೂ ಇರಲಿಲ್ಲ. ವಿರೇಶ ತಿರುಗಿ ಹೋಗಿ ಕುರ್ಚಿಯಲ್ಲಿ ಕುಳಿತ. ಅವನು ಕುಳಿತ ಮೇಲೆ ಉಳಿದವರೂ ಕುಳಿತರು. ಕಸ್ತೂರೆಮ್ಮ ಸಿನಿಮಾ ಮುಗಿಯುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ.

ಪೊಲೀಸ್ ಹೆಂಗಸು ಬೂದಿಯ ಮುಂದೆ ನಿಂತು ಆ ಪ್ರಶ್ನೆ ಕೇಳಿದಾಗ ಚಿತ್ರಮಂದಿರದಲ್ಲಿ ಎದ್ದ ಸದ್ದನ್ನು ಬೆಂಗಳೂರಿನ ಯಾವ ಪ್ರೇಕ್ಷಕನೂ ಕೇಳಿರಲಾರ. ಉತ್ತರ ಅಲ್ಲಿದ್ದ ಪ್ರತಿಯೊಬ್ಬರಿಗೂ ಹುಟ್ಟಿದಾಗಿನಿಂದ ಗೊತ್ತಿತ್ತು. ಪರದೆಯ ಮೇಲೆ ಉತ್ತರ ಬರುವ ಮೊದಲೇ ಮುನ್ನೂರು ಬಾಯಿ ಒಟ್ಟಿಗೇ ಹೇಳಿದವು. ಕತ್ತಲಲ್ಲಿ ಕಸ್ತೂರೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹೊರಗೆ ಬಿಸಿಲು ಇಳಿದಿತ್ತು. ಮುಂದಿನ ಆಟಕ್ಕೆ ಬಂದವರು ಗೇಟಿನ ಹತ್ತಿರ ಗುಂಪಾಗಿದ್ದರು. ಶಕೀಲ್ ಮೊಬೈಲು ಎತ್ತಿ ಹಿಡಿದ. ಕಸ್ತೂರೆಮ್ಮ ಅದರ ಮುಂದೆ ನೆಟ್ಟಗೆ ನಿಂತಳು.

"ಹೋದ ವಾರ ನಾ ಈ ಪಿಚ್ಚರ್ ಅರ್ಧಾ ನೋಡಿ ನೋಡಬ್ಯಾಡ್ರಿ ಅಂದಿದ್ದೆ. ಅದು ನನ್ನ ತಪ್ಪು. ಮಾಡಿದವರು ನಮ್ಮ ಪದ್ಧತಿ ನನಗಿಂತ ಚಲೋ ತಿಳಕೊಂಡಾರ. ರೊಕ್ಕ ತಗೊಂಡು ಮಾಡ್ಯಾರ ಅಂತ ನಾ ಅಂದೆ, ಆ ಮಾತು ವಾಪಸ್ ತಗೊಂತೀನಿ. ಇಂಟರ್‌ವೆಲ್‌ಗೆ ಏಳಬ್ಯಾಡ್ರಿ. ಯಾಕಂತ ನಾ ಹೇಳಂಗಿಲ್ಲ. ಹಾಡು ಮಾತ್ರ ಒಂದೂ ಚಲೋ ಇಲ್ಲ."

ಜನ ನಕ್ಕರು. ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತಿದ್ದ ವಿರೇಶ ಮೆಲ್ಲಗೆ ಅಂದ, "ಅಮ್ಮಾರ, ಫೋನಿನ್ಯಾಗ ನಾ ನಿಮಗೊಂದು ಮಾತು ಅಂದಿದ್ದೆ. ಅನ್ನಬಾರದಿತ್ತು. ಮನಸಿಗೆ ಹಚ್ಕೊಬ್ಯಾಡ್ರಿ."

"ಹಚ್ಕೊಂಡೀನಿ. ಅದ ರೊಕ್ಕದ ಮಾತು ನಾನೂ ಪಿಚ್ಚರ್ ಮಾಡಿದವರಿಗೆ ಅಂದಿದ್ದೆ. ಅಂದದ್ದು ಎಲ್ಲಾರ ಮುಂದ, ಹಿಂದ ತಗೊಂಡದ್ದೂ ಎಲ್ಲಾರ ಮುಂದ," ಎಂದಳು ಕಸ್ತೂರೆಮ್ಮ. "ನೀನೂ ಎಲ್ಲಾರ್ನೂ ಈ ಗೇಟಿಗೆ ಕರದಿದ್ದಿ. ಶಕೀಲ್ ಇನ್ನೂ ಮೊಬೈಲ್ ಬಂದ್ ಮಾಡಿಲ್ಲ. ಬಾ, ನಿಂದರು."

ವಿರೇಶ ತನ್ನ ಹುಡುಗರ ಕಡೆ ಒಮ್ಮೆ ನೋಡಿದ. ಆಮೇಲೆ ಅವಳು ಬಿಟ್ಟುಕೊಟ್ಟ ಜಾಗಕ್ಕೆ ಬಂದು ನಿಂತ.