ಲಾಳಿ ಹಿಡಿದ ವಸೂಲಿಗಾರ

ಹಾಲು ಕಾಸಿದೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ಚಟ್ನಿಪುಡಿ ಕುಟ್ಟಿದೆ. ಬಟ್ಟೆ ಹರವಿ, ಅತ್ತೆಯ ಮಾತ್ರೆ ಎತ್ತಿಟ್ಟು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ವಾಪಸ್ ಬಂದು ನೋಡಿದೆ. ಆಫ್ ಆಗಿತ್ತು. ಆಮೇಲೆ ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅಲ್ಲಿ ನನ್ನ ತಂಗಿ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಾಳೆ. ಗಂಡನಿಗೆ ಜ್ವರ ಬಂದು ಸೀರೆ ತಡವಾಗಿ, ಸ್ಕೂಟರಿನ ಸಾಲದ ಕಂತು ತಪ್ಪಿತ್ತು. ಅರ್ಜಿಯಲ್ಲಿ ನನ್ನ ನಂಬರನ್ನೂ ಬರೆದಿದ್ದಳಂತೆ. ವಸೂಲಿಯವನು ನನಗೂ ಫೋನ್ ಮಾಡಿ ಮಿಕ್ಸಿಗಿಂತ ಜೋರಾಗಿ ಕೂಗಾಡಿದ್ದ. ಕಟ್ಟದಿದ್ದರೆ ಅವಳಿಗೆ ನೂಲು ಕೊಡುವ ಸಾಹುಕಾರರ ಅಂಗಡಿಗೇ ಹೋಗಿ ಹೇಳುತ್ತೇನೆ ಎಂದಿದ್ದ. ತಂಗಿಗೆ ಅದೇ ಭಯ. ಸಾಲಗಾರ್ತಿ ಎಂಬ ಮಾತು ಕಿವಿಗೆ ಬಿದ್ದರೆ, ನೂಲು ಮಾರಿಕೊಂಡಾಳು ಎಂದು ಸಾಹುಕಾರರು ಮುಂದಿನ ಸೀರೆಗೆ ರೇಷ್ಮೆ ಕೊಡುವುದಿಲ್ಲ. ಮಗ್ಗ ಖಾಲಿ ನಿಲ್ಲುತ್ತದೆ.

ನಾನು ಹೋದಾಗ ಅವಳು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದಳು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆ. ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಅಂಚಿನ ಬಣ್ಣದ ನೂಲಿರುವ ಲಾಳಿ ದಾಟಿಸಬೇಕು. ಆ ಕೆಲಸ ಮಾಡುವ ಗಂಡ ಒಳಗೆ ಮುಸುಕೆಳೆದು ಮಲಗಿದ್ದ. ಪಕ್ಕದ ಮನೆಯಜ್ಜಿ ಯಾರನ್ನಾದರೂ ಕಳಿಸುತ್ತೇನೆ ಎಂದಿದ್ದಳಂತೆ. ನಾನೇ ಕೈ ಹಾಕಿದೆ. ಮೊದಲ ಎಸೆತಕ್ಕೇ ಲಾಳಿ ಗುಂಡಿಗೆ ಬಿತ್ತು. ನೀನು ಚಾ ಇಡಕ್ಕ ಎಂದಳು.

ಒಲೆ ಹಚ್ಚುವಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ತಲೆ ನರೆತ, ಹೊಟ್ಟೆ ಬಂದ ಆಸಾಮಿ, ಕಂಕುಳಲ್ಲಿ ಬ್ಯಾಗು. ತಂಗಿ ತಲೆ ಎತ್ತಲಿಲ್ಲ.

"ಅಜ್ಜಿ ಹೇಳಿ ಎಷ್ಟೊತ್ತಾತು, ಈಗ ಬರಾದೇನ್ರಿ? ಕುಂತ್ಕಳ್ರಿ, ಲಾಳಿ ಹಿಡೀರಿ."

ಅವನು ಬಾಯಿ ತೆರೆದ. ಮಾತೆಲ್ಲ ಆಮೇಲೆ ಎಂದು ಗದರಿದಳು. ಚಪ್ಪಲಿ ಬಿಟ್ಟು ಕುಳಿತೇಬಿಟ್ಟ. ಲಾಳಿ ಹಿಡಿದ ಬೆರಳು ನೋಡಿದರೇ ನೇಕಾರರ ಮನೆಯವನೆಂದು ಗೊತ್ತಾಗುತ್ತಿತ್ತು. ನಾನು ಚಾ, ಚಟ್ನಿಪುಡಿ ಹಚ್ಚಿದ ಮಂಡಕ್ಕಿ ತಂದಿಟ್ಟೆ. ಒಂದು ಮುಕ್ಕು ತಿಂದು ಮೆತ್ತಗೆ ಹೇಳಿದ:

"ಅಕ್ಕಾರೇ, ನಾನು ಸ್ಕೂಟರ್ ಲೋನಿಂದು ಕೇಳಾಕ್ ಬಂದೋನು."

ಫೋನಿನ ಅದೇ ದನಿ, ಅರ್ಧಕ್ಕರ್ಧ ಇಳಿದಿತ್ತು. ತಂಗಿಯ ಕೈ ನಿಂತಿತು. ಅವನದು ನಿಲ್ಲಲಿಲ್ಲ, ಈ ಹೂವಿನ ಸಾಲು ಮುಗಿಯಲಿ, ಎಸೆಯಿರಿ ಎಂದ. ಅಂಚು ಅರ್ಧಕ್ಕೆ ಬಿಟ್ಟು ಏಳಲು ಅವನಿಗೂ ಮನಸ್ಸಿಲ್ಲ.

ಇದೇ ಸಮಯವೆಂದು ನಾನು ಎದುರಿಗೆ ಕುಳಿತೆ. ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಂಡೇ ಬಂದಿದ್ದೆ. ಗುರುತಿನ ಚೀಟಿ ಎಂದೆ, ಜೇಬಿನಿಂದ ತೆಗೆದು ತೋರಿಸಿದ. ಕಂಪನಿಯ ಪತ್ರ ಎಂದೆ. ಗಾಡಿಯಲ್ಲಿದೆ ಎಂದ, ಗಾಡಿಯೆಲ್ಲಿ ಎಂದರೆ ಪರಶುರಾಂಪುರದಲ್ಲಿ ರಿಪೇರಿಗೆ ಬಿಟ್ಟಿದ್ದೇನೆ ಎಂದ. ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ಮೇಲೆ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ. ದುಡ್ಡು ನಿಮ್ಮ ಕೈಗಲ್ಲ, ಕಂಪನಿಯ ಖಾತೆಗೇ ಕಟ್ಟಿ ರಸೀದಿ ತಗೊಳ್ಳುತ್ತೇವೆ ಎಂದೆ. ಎಲ್ಲದಕ್ಕೂ ಲಾಳಿಯ ಜೊತೆ ತಲೆಯನ್ನೂ ಆಡಿಸಿದ.

"ಸಾಹುಕಾರರ ಅಂಗಡಿಗೆ ಹೋಗ್ತೀರೇನು?" ತಂಗಿ ಕೇಳಿದಳು.

"ಅಲ್ಲಿ ಹೇಳಿದ್ರೆ ಜಲ್ದಿ ಕಟ್ತಾರಕ್ಕ."

"ನೂಲು ನಿಂತ್ರೆ ಯಾವ ಕೈಲಿ ಕಟ್ಲಿ? ನೀವೂ ಮಗ್ಗದ ಮನೇರೇ ಅಲ್ವೇನ್ರಿ?"

ಸಾಲದ ಸುದ್ದಿ ಮೂರನೆಯವರಿಗೆ ಹೇಳುವುದೂ ತಪ್ಪು, ಹೇಳಿದರೆ ಕಂಪನಿಗೆ ಬರೆಯುತ್ತೇನೆ, ಅವರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಎಂದು ನಾನೂ ಸೇರಿಸಿದೆ. ಅವನು ಬಗ್ಗಿ ಲಾಳಿ ದಾಟಿಸಿದ.

ಅಷ್ಟರಲ್ಲಿ ಪಕ್ಕದ ಮನೆಯಜ್ಜಿ ಆಳು ಸಿಗಲಿಲ್ಲವೆಂದು ತಾನೇ ಬಂದಳು. ಅಂಚು ಮುಟ್ಟಿ ನೋಡಿ, ಕೈ ಚೆನ್ನಾಗಿದೆ, ಯಾರಿವರು ಎಂದಳು. ಅಜ್ಜಿಯ ಕಿವಿಗೆ ಬಿದ್ದರೆ ಸಾಹುಕಾರರ ಅಂಗಡಿಗೆ ಮುಟ್ಟಿದಂತೆಯೇ.

"ಇವರ ನೆಂಟ ಕಣಜ್ಜಿ," ಎಂದ ಅವನೇ. "ಮಾತಾಡ್ಸಾಕ್ ಬಂದಿದ್ದೆ."

ಸಾಹುಕಾರರ ಅಂಗಡಿಯ ಮಾತು ಮತ್ತೆ ಬರಲಿಲ್ಲ. ಸೀರೆ ಮುಗಿಸಿ ಮಗ್ಗದಿಂದ ಕೊಯ್ದ ಮೇಲೆ ಕಟ್ಟುತ್ತಾರೆಂದು ಮೇಲಿನವರಿಗೆ ಫೋನಿನಲ್ಲಿ ಹೇಳಿ, ಉಳಿದ ಮಂಡಕ್ಕಿ ಕಟ್ಟಿಸಿಕೊಂಡು ಹೋದ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಮೊದಲು ಮಲಗಿದ್ದು ತಂಗಿ; ವಸೂಲಿಯವನ ಕರೆಗೆ ಹೆದರಿ ಇಷ್ಟು ದಿನ ದಿಂಬಿನ ಕೆಳಗೆ ಅಡಗಿಸುತ್ತಿದ್ದ ಫೋನನ್ನು ಕಿಟಕಿಯ ಮೇಲೆ ಇಟ್ಟು.